ಭೀಷ್ಮನ ಗಡ್ಡ ಎಷ್ಟು ಬಿಳಿ? ಕುರುವಂಶದ ವಯಸ್ಸಿನ ಹಲಗೆ ಕಟ್ಟಿದ್ದು

ತುಮಕೂರಿನಲ್ಲಿ ನನ್ನದು ನಾಟಕದ ಡ್ರೆಸ್ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ. ಕಿರೀಟ, ಭುಜಕೀರ್ತಿ, ಗದೆ, ಟೋಪನ್ (ಕಟ್ಟುಗೂದಲು), ಗಡ್ಡ, ಮೀಸೆ ಎಲ್ಲ ಇದೆ. ಬಣ್ಣ ಹಚ್ಚೋದೂ ನಾನೇ. ನಮ್ಮ ಕಡೆ ಜಾತ್ರೆ ಅಂದರೆ ಪೌರಾಣಿಕ ನಾಟಕ ಇರಲೇಬೇಕು, ಅದರಲ್ಲೂ ಕುರುಕ್ಷೇತ್ರ ಇರಲೇಬೇಕು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಗುಬ್ಬಿ ಇಲ್ಲಿಂದ 20 ಕಿ.ಮೀ. ಅಷ್ಟೇ.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಗುಬ್ಬಿ ಕಡೆಯ ಒಂದು ಊರಿನಲ್ಲಿ ತಾಲೀಮು ಶುರುವಾಯಿತು. ಅಳತೆ ತಗೊಳ್ಳೋಕೆ ಹೋಗಿದ್ದೆ. ದ್ರೋಣನ ಪಾತ್ರ ಮಾಡುವವರು ಪಕ್ಕಕ್ಕೆ ಕರೆದು ಕೇಳಿದರು.

"ಅಣ್ಣಾ, ಹೋದ್ವರ್ಷ ನಂಗೂ ಭೀಷ್ಮಂಗೂ ಒಂದೇ ಥರ ಗಡ್ಡ ಕಟ್ಟಿದ್ರಿ. ಜನ ಇಬ್ಬರನ್ನೂ ಒಬ್ಬರೇ ಅಂದ್ಕಂಡ್ರು. ನಮ್ಮಿಬ್ರಲ್ಲಿ ಯಾರು ದೊಡ್ಡೋರು? ಎಷ್ಟು ದೊಡ್ಡೋರು?"

ಇಪ್ಪತ್ತೈದು ವರ್ಷದಿಂದ ಈ ಕೆಲಸ ಮಾಡ್ತಿದ್ದೇನೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಕುರುವಂಶದ ಒಬ್ಬೊಬ್ಬರ ವಯಸ್ಸನ್ನೂ ಕಣ್ಣಿಗೆ ಕಾಣುವ ಹಾಗೆ ಒಂದು ಹಲಗೆ ಮಾಡಿ ಬಣ್ಣದ ಕೋಣೆಯಲ್ಲಿ ನಿಲ್ಲಿಸಬೇಕು ಅಂತ ಹೊರಟೆ. ಆರು ಭಾನುವಾರ ಹಿಡಿಯಿತು. ಬೇರೆ ಯಾರಿಗಾದರೂ ಬೇಕಾಗಬಹುದು ಅಂತ ಏನೇನು ಮಾಡಿದೆ, ಎಲ್ಲೆಲ್ಲಿ ಬಿಚ್ಚಿ ಮತ್ತೆ ಕಟ್ಟಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ.

ಮೊದಲ ಭಾನುವಾರ

ಎಲ್ಲರೂ ಬರೆಯುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ವಂಶವೃಕ್ಷ ಬರೆದೆ. ಮೇಲೆ ಪ್ರತೀಪ. ಅವನ ಕೆಳಗೆ ಮೂವರು ಮಕ್ಕಳು: ದೇವಾಪಿ, ಬಾಹ್ಲೀಕ, ಶಂತನು. ಶಂತನುವಿನ ಕೆಳಗೆ ಭೀಷ್ಮ, ಚಿತ್ರಾಂಗದ, ವಿಚಿತ್ರವೀರ್ಯ. ಅದರ ಕೆಳಗೆ ಧೃತರಾಷ್ಟ್ರ, ಪಾಂಡು, ವಿದುರ. ಆಮೇಲೆ ಪಾಂಡವರು, ಕೌರವರು. ಆಮೇಲೆ ಅಭಿಮನ್ಯು. ಒಂದು ಮೆಟ್ಟಿಲಿಗೆ ಒಂದು ಬಣ್ಣದ ಗಡ್ಡ ಅಂತ ಲೆಕ್ಕ ಹಾಕಿದ್ದೆ.

ಬಾಹ್ಲೀಕನ ಕೊಂಬೆ ಬರೆಯುವಾಗ ಈ ಲೆಕ್ಕ ಕೈಕೊಟ್ಟಿತು. ಬಾಹ್ಲೀಕನ ಮಗ ಸೋಮದತ್ತ, ಸೋಮದತ್ತನ ಮಗ ಭೂರಿಶ್ರವ. ಮೆಟ್ಟಿಲು ಎಣಿಸಿದರೆ ಭೂರಿಶ್ರವ ಪಾಂಡುವಿನ ಸಾಲಿನಲ್ಲಿ ಕೂರುತ್ತಾನೆ. ಅಂದರೆ ಅರ್ಜುನನಿಗೆ ದೊಡ್ಡಪ್ಪನೋ ಚಿಕ್ಕಪ್ಪನೋ ಆಗಬೇಕು. ಆದರೆ ಯುದ್ಧದ ಹದಿನಾಲ್ಕನೇ ದಿನ ಪಾಂಡವರ ಕಡೆಯ ಯಾದವ ವೀರ ಸಾತ್ಯಕಿಯನ್ನು ನೆಲಕ್ಕೆ ಕೆಡವಿ ಎಳೆದಾಡುವವನು ಅವನೇ. ಅರ್ಜುನ ಅವನ ತೋಳು ಕತ್ತರಿಸೋದು ಆಗಲೇ. ಅದು ಗಟ್ಟಿ ಆಳು ಮಾಡುವ ಕೆಲಸ, ಮುದುಕನದ್ದಲ್ಲ. ಅಷ್ಟೇ ಅಲ್ಲ, ಅವನ ತಾತ ಬಾಹ್ಲೀಕ ಕೂಡ ಅದೇ ಯುದ್ಧದಲ್ಲಿ ನಿಂತಿದ್ದಾನೆ. ಶಂತನುವಿಗಿಂತ ದೊಡ್ಡವನು, ಭೀಷ್ಮನಿಗೇ ದೊಡ್ಡಪ್ಪ!

ಒಂದು ಮನೆಯಲ್ಲಿ ದೊಡ್ಡಮಗನ ಮೊಮ್ಮಗ, ಚಿಕ್ಕಮಗನ ಮಗ ಒಟ್ಟಿಗೇ ಶಾಲೆಗೆ ಹೋಗೋದನ್ನು ನಾವು ನೋಡಿಲ್ವಾ? ತಲೆಮಾರು ಬೇರೆ, ವಯಸ್ಸು ಬೇರೆ. ಹಾಳೆ ಮಡಚಿ ಪಕ್ಕಕ್ಕಿಟ್ಟೆ. ಮೆಟ್ಟಿಲು ಬೇಡ, ಉದ್ದ ಬೇಕು. ಒಬ್ಬೊಬ್ಬರಿಗೂ ಅವರು ಬದುಕಿದಷ್ಟು ಉದ್ದದ ಒಂದು ಪಟ್ಟಿ ಮಾಡಬೇಕು ಅಂತ ತೀರ್ಮಾನ ಮಾಡಿದೆ.

ಹಲಗೆ

ಎಂಟು ಅಡಿಗೆ ನಾಲ್ಕು ಅಡಿಯ ಪ್ಲೈವುಡ್ ಒಂದು ಶೀಟು, 6 ಎಂ.ಎಂ. ದಪ್ಪದ್ದು. ಮಂಡಿಪೇಟೆಯಿಂದ ಲಗೇಜ್ ಆಟೋದಲ್ಲಿ ತಂದೆ. 6 ಎಂ.ಎಂ. ಶೀಟು ಸುಮ್ನೆ ನಿಲ್ಲಿಸಿದರೆ ಹೊಟ್ಟೆ ಬಿಡುತ್ತದೆ. ಹಿಂದೆ ಉದ್ದಕ್ಕೆ ಮೂರು, ಅಡ್ಡಕ್ಕೆ ನಾಲ್ಕು ರೀಪರ್ ಹೊಡೆದೆ. ಮುಂದೆ ಬಿಳಿ ಪ್ರೈಮರ್ ಎರಡು ಕೋಟ್.

ಎಂಟು ಅಡಿ ಅಂದರೆ 244 ಸೆಂ.ಮೀ. ಒಂದು ವರ್ಷಕ್ಕೆ ಒಂದು ಸೆಂ.ಮೀ. ಇಟ್ಟರೆ ಟೇಪು ಹಿಡಿದವರಿಗೆ ಲೆಕ್ಕವೇ ಬೇಡ. ಎಡ ಅಂಚಿನಿಂದ 165 ಸೆಂ.ಮೀ. ಬಿಟ್ಟು ಮೇಲಿಂದ ಕೆಳಕ್ಕೆ ಒಂದು ಕೆಂಪು ಗೆರೆ ಎಳೆದೆ. ಅದು ಯುದ್ಧ. ಗೆರೆಯ ಎಡಕ್ಕೆ 165 ವರ್ಷ, ಬಲಕ್ಕೆ 79 ವರ್ಷ ಸಿಕ್ಕಿತು.

ಹಾರ್ಮೋನಿಯಂ ಮೇಷ್ಟ್ರು ಬಂದು ನೋಡಿ, "ಕ್ರಿ.ಪೂ. ಎಷ್ಟು ಅಂತ ಹಾಕಲ್ವಾ?" ಅಂದರು. ಅದನ್ನೂ ಯೋಚನೆ ಮಾಡಿದ್ದೆ. ಐಹೊಳೆಯ ಮೇಗುತಿ ಬಸದಿಯಲ್ಲಿ ಇಮ್ಮಡಿ ಪುಲಕೇಶಿಯ ಶಾಸನ ಇದೆಯಲ್ಲ, ರವಿಕೀರ್ತಿ ಬರೆದದ್ದು, ಅದರಲ್ಲಿ ಭಾರತ ಯುದ್ಧ ಆಗಿ 3735 ವರ್ಷ ಕಳೆದಿದೆ, ಶಕ ವರ್ಷ 556 ಕಳೆದಿದೆ ಅಂತ ಎರಡೂ ಲೆಕ್ಕ ಕೊಟ್ಟಿದ್ದಾನೆ. ಶಕ 556 ಅಂದರೆ ಕ್ರಿ.ಶ. 634. ಹಿಂದಕ್ಕೆ ಎಣಿಸಿದರೆ ಕ್ರಿ.ಪೂ. 3102, ಕಲಿಯುಗ ಶುರುವಾಯಿತು ಅನ್ನುವ ವರ್ಷ. ನಾನು ಮೊದಲು ಸುಮ್ನೆ 3735ರಲ್ಲಿ 634 ಕಳೆದು 3101 ಅಂತ ಬರೆದಿದ್ದೆ. ಕ್ರಿ.ಪೂ. 1 ಆದ ಮೇಲೆ ಸೊನ್ನೆ ವರ್ಷ ಇಲ್ಲ, ನೇರ ಕ್ರಿ.ಶ. 1 ಬರುತ್ತದೆ. ಹಾಗಾಗಿ ಒಂದು ವರ್ಷ ಹಿಂದೆ ಹೋಗಬೇಕು.

ಆದರೆ ಯುದ್ಧ ಯಾವಾಗ ಆಯಿತು ಅನ್ನೋದಕ್ಕೆ ಬೇರೆ ಬೇರೆ ಲೆಕ್ಕದವರು ಇದ್ದಾರೆ. ಗಡ್ಡದ ಬಣ್ಣಕ್ಕೆ ಅದು ಬೇಕಿಲ್ಲ. ಯುದ್ಧ ಯಾವ ವರ್ಷವೇ ಆಗಿರಲಿ, ಅವತ್ತು ಯಾರಿಗೆ ಎಷ್ಟು ವಯಸ್ಸು ಅನ್ನೋದಷ್ಟೇ ನನಗೆ ಬೇಕು. ಹಾಗಾಗಿ ಹಲಗೆಯ ಮೇಲೆ ಎಡ 13, ಬಲ 36 ಅಂತ ಮಾತ್ರ ಬರೆದೆ. ಎಡ 13 ಅಂದರೆ ಯುದ್ಧಕ್ಕೆ 13 ವರ್ಷ ಮೊದಲು, ಬಲ 36 ಅಂದರೆ ಯುದ್ಧ ಆಗಿ 36 ವರ್ಷಕ್ಕೆ. ಒಬ್ಬರ ಹೆಸರಿನ ಜೊತೆ ಎಡ ಇಷ್ಟು ಅಂತ ಇದ್ದರೆ ಅದು ಅವರು ಹುಟ್ಟಿದ ವರ್ಷ, ಅಂದರೆ ಯುದ್ಧದ ಹೊತ್ತಿಗೆ ಅವರ ವಯಸ್ಸು.

ಪಟ್ಟಿಗೆ ಫೋಟೋ ಕಟ್ಟು ಹಾಕುವ ಬೀಡಿಂಗ್ ತಂದೆ. ಅರ್ಧ ಅಡಿಯ ಗರಗಸ ಸಾಕು, ಚೆನ್ನಾಗಿ ಕುಯ್ಯುತ್ತದೆ. ಹಲಗೆಗೆ ಅಡ್ಡಲಾಗಿ ಹಳಿ ಥರ ಸಣ್ಣ ಪಟ್ಟಿ ಹೊಡೆದು, ಅದರ ಮೇಲೆ ಬೀಡಿಂಗ್ ಕೂರುವ ಹಾಗೆ ಮಾಡಿದೆ. ಎಡಕ್ಕೂ ಬಲಕ್ಕೂ ಜರುಗಿಸಬಹುದು. ಮೊದಲ ದಿನ ಒಂದು ಜರುಗಿಸಿದರೆ ಮೂರು ಉದುರುತ್ತಿದ್ದವು. ಕೊನೆಗೆ ಭುಜಕೀರ್ತಿಗೆ ಹಾಕುವ ಎಲಾಸ್ಟಿಕ್ ಅನ್ನು ಮೇಲಿಂದ ಕೆಳಕ್ಕೆ ನಾಲ್ಕು ಕಡೆ ಬಿಗಿದೆ. ಈಗ ಪಟ್ಟಿ ಬೀಳಲ್ಲ, ಆದರೂ ಬೆರಳಿಗೆ ಜಾರುತ್ತದೆ. ಈ ಜಾರುವ ಗುಣ ಇಲ್ಲದಿದ್ದರೆ ಮುಂದಿನ ಕೆಲಸ ಆಗುತ್ತಲೇ ಇರಲಿಲ್ಲ.

ಜರುಗದ ಮೊಳೆಗಳು

ಮೂಲ ಭಾರತದ ಕನ್ನಡ ಅನುವಾದ ಲೈಬ್ರರಿಯಿಂದ ತಂದು, ವರ್ಷ ಅಥವಾ ವಯಸ್ಸು ಬಾಯಿಬಿಟ್ಟು ಹೇಳಿರುವ ಜಾಗ ಎಲ್ಲ ಪಟ್ಟಿ ಮಾಡಿದೆ. ನಾವೆಲ್ಲ ಕೇಳಿ ಬೆಳೆದದ್ದು ಗದುಗಿನ ಭಾರತ. ಆದರೆ ಕುಮಾರವ್ಯಾಸ ಹತ್ತು ಪರ್ವಕ್ಕೆ ನಿಲ್ಲಿಸಿದ್ದಾನೆ. ಯುದ್ಧ ಆದಮೇಲಿನ ಲೆಕ್ಕಕ್ಕೆ ವ್ಯಾಸರ ಹತ್ತಿರವೇ ಹೋಗಬೇಕು.

ಗಟ್ಟಿಯಾಗಿ ಸಿಕ್ಕಿದ್ದಕ್ಕೆಲ್ಲ ಹಲಗೆಯ ಮೇಲೆ ಮೊಳೆ ಹೊಡೆದೆ. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ಹಾಗಾಗಿ ಪಗಡೆಯಾಟ ಎಡ 13. ಅಭಿಮನ್ಯು ಭೂಮಿಯ ಮೇಲೆ ಇರೋದು ಹದಿನಾರು ವರ್ಷ. ಅದು ಎಡ 16. ಯುದ್ಧ ಆದಮೇಲೆ ಧೃತರಾಷ್ಟ್ರ ಧರ್ಮರಾಯನ ಮನೆಯಲ್ಲಿ ಇದ್ದದ್ದು ಹದಿನೈದು ವರ್ಷ. ಬಲ 15. ಯಾದವರು ಬಡಿದಾಡಿ ಸತ್ತದ್ದು ಮೂವತ್ತಾರನೇ ವರ್ಷ. ಬಲ 36.

ಇಲ್ಲಿ ಒಂದು ಸಣ್ಣ ತಪ್ಪು ಮಾಡಿದ್ದೆ, ಅದನ್ನು ತಿದ್ದಿದ್ದು ಮಗಳು. "ಅಪ್ಪಾ, ಮೂವತ್ತಾರನೇ ವರ್ಷ ಅಂದ್ರೆ ಮೂವತ್ತೈದು ತುಂಬಿ ಮೂವತ್ತಾರು ನಡೀತಿದೆ ಅಂತ ಅಲ್ವಾ?" ನಮ್ಮ ಮನೆಗಳಲ್ಲೂ ಹಾಗೇ ಹೇಳ್ತೀವಿ, ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿದೆ ಅಂತ. ಹಾಗಾಗಿ ಪ್ರತಿ ಮೊಳೆಗೂ ಅರ್ಧದಿಂದ ಒಂದು ಸೆಂ.ಮೀ. ಆಟ ಇದೆ ಅಂತ ಒಪ್ಪಿಕೊಂಡು, ಮೊಳೆಯ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಗೆರೆ ಎಳೆದೆ.

ಇಂಥ ಲೆಕ್ಕ ಭಾರತದ ಒಳಗೇ ಇದೆ. ಅರ್ಜುನ ವಿರಾಟನ ಹಸು ಬಿಡಿಸೋಕೆ ಬಂದಾಗ, ಅವಧಿ ಮುಗಿಯುವ ಮೊದಲೇ ಸಿಕ್ಕಿಬಿದ್ದ ಅಂತ ದುರ್ಯೋಧನ ಹಾರಾಡುತ್ತಾನೆ. ಆಗ ಭೀಷ್ಮ ಹೇಳೋದು ಅಧಿಕ ಮಾಸದ ಲೆಕ್ಕ. ಐದೈದು ವರ್ಷಕ್ಕೆ ಎರಡು ತಿಂಗಳು ಜಾಸ್ತಿ ಬರುತ್ತದೆ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ರಾತ್ರಿ ಹೆಚ್ಚಾಗಿದೆ, ಪಾಂಡವರು ಮಾತು ಉಳಿಸಿಕೊಂಡಿದ್ದಾರೆ ಅಂತ. ನನ್ನ ಹಲಗೆಯಲ್ಲಿ ಅದು ಅರ್ಧ ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ಆ ಮಾತು ಓದಿದ ದಿನ ನನಗೆ ಬಹಳ ಸಂತೋಷ ಆಯಿತು. ತಾತ ತಾನೇ ಕೂತು ಎಣಿಸಿದ್ದಾನೆ.

ಕೊನೆಯ ಮೊಳೆ ದ್ರೋಣನದ್ದು. ಯುದ್ಧದಲ್ಲಿ ಅವನ ವಯಸ್ಸನ್ನು ಹೇಳುವ ಮಾತಿನಲ್ಲಿ ಎಂಬತ್ತು, ಐದು ಎರಡೂ ಸೇರಿವೆ. ಎಂಬತ್ತೈದು ಅಂತ ಕೆಲವರು ಓದುತ್ತಾರೆ, ಎಂಬತ್ತರ ಐದರಷ್ಟು, ಅಂದರೆ ನಾನೂರು ಅಂತ ಇನ್ನು ಕೆಲವರು. ಕಿವಿಯವರೆಗೆ ನರೆತ ಕೂದಲು, ಆದರೂ ಹದಿನಾರರ ಹುಡುಗನ ಹಾಗೆ ಓಡಾಡುತ್ತಿದ್ದ ಅಂತ ವರ್ಣನೆ. ನಾನೂರು ಇಟ್ಟರೆ ಅವನ ಜೊತೆ ಗುರುಕುಲದಲ್ಲಿ ಓದಿದ ದ್ರುಪದನಿಗೂ ನಾನೂರು ಕೊಡಬೇಕು. ನಾನು ಎಡ 85ಕ್ಕೆ ಮೊಳೆ ಹೊಡೆದೆ.

ಮೂರನೇ ಭಾನುವಾರ: ಸಡಿಲವಾಗಿ ಜೋಡಿಸಿದ್ದು

ಮೊಳೆ ಇಲ್ಲದ ಕಡೆ ನಮ್ಮ ಅಂದಾಜು ಹಾಕಬೇಕು. ಮೊದಲ ಸಲ ಎಲ್ಲರಿಗೂ ಧಾರಾಳವಾಗಿ ವರ್ಷ ಕೊಟ್ಟೆ. ಯುದ್ಧದ ಹೊತ್ತಿಗೆ ಧರ್ಮರಾಯನಿಗೆ 60. ಅವನಿಗಿಂತ ಪಾಂಡು 25 ವರ್ಷ ದೊಡ್ಡವನು. ವಿಚಿತ್ರವೀರ್ಯನ ಮದುವೆ 20ಕ್ಕೆ. ಶಂತನು ವಿಚಿತ್ರವೀರ್ಯನ ತಾಯಿ ಸತ್ಯವತಿಯನ್ನು ಮದುವೆಯಾಗುವ ಹೊತ್ತಿಗೆ ಭೀಷ್ಮನಿಗೆ 25. ಭೀಷ್ಮ ಹುಟ್ಟಿದಾಗ ಶಂತನುವಿಗೆ 35.

ಒಂದೊಂದೂ ನೋಡೋಕೆ ಸರಿಯಾಗೇ ಇದೆ. ಎಲ್ಲ ಕೂಡಿದಾಗ ಭೀಷ್ಮ ಎಡ 142ಕ್ಕೆ ಹೋದ, ಶಂತನು ಎಡ 177ಕ್ಕೆ, ಬಾಹ್ಲೀಕ ಎಡ 180ಕ್ಕೆ. ಹಲಗೆ ಇರೋದು ಎಡ 165ರವರೆಗೆ. ಬಾಹ್ಲೀಕನ ಪಟ್ಟಿ 15 ಸೆಂ.ಮೀ. ಆಚೆ ಚಾಚಿಕೊಂಡು ನಿಂತಿತು. ಹೋಗಿ ಬರುವವರಿಗೆಲ್ಲ ಮೊಣಕೈಗೆ ತಾಗುತ್ತಿತ್ತು.

ಅದಕ್ಕಿಂತ ದೊಡ್ಡ ತೊಡಕು ಸಿಕ್ಕಿದ್ದು ನಾನು ನಿರೀಕ್ಷೆ ಮಾಡದ ಜಾಗದಲ್ಲಿ, ಕೃಪಿಯ ಪಟ್ಟಿಯಲ್ಲಿ. ಕೃಪ, ಕೃಪಿ ಇಬ್ಬರೂ ಕಾಡಿನಲ್ಲಿ ಸಿಕ್ಕ ಹಸುಗೂಸುಗಳು. ತಂದು ಸಾಕಿದವನು ಶಂತನು. ಮುಂದೆ ಕೃಪಿ ದ್ರೋಣನ ಹೆಂಡತಿ, ಅಶ್ವತ್ಥಾಮನ ತಾಯಿ. ಅಂದರೆ ಶಂತನು ಸಾಯುವ ಮೊದಲೇ ಕೃಪಿ ಹುಟ್ಟಿರಬೇಕು. ಶಂತನು ಸತ್ತಾಗ ವಿಚಿತ್ರವೀರ್ಯ ಇನ್ನೂ ಹುಡುಗ. ನನ್ನ ಸಡಿಲ ಲೆಕ್ಕದಲ್ಲಿ ಅದು ಎಡ 105ರ ಹತ್ತಿರ ಬಂತು. ಹಾಗಾದರೆ ಕೃಪಿ ಎಡ 106. ದ್ರೋಣ ಎಡ 85. ಹೆಂಡತಿ ಗಂಡನಿಗಿಂತ 21 ವರ್ಷ ದೊಡ್ಡವಳು! ಅಶ್ವತ್ಥಾಮನನ್ನು ಧರ್ಮರಾಯನ ಓರಗೆ ಅಂತ ಎಡ 60ಕ್ಕೆ ಇಟ್ಟರೆ, ಅವನನ್ನು ಹೆರುವಾಗ ಅವಳಿಗೆ 46.

ಎರಡು ಪಟ್ಟಿಯನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ದ್ರೋಣನ ಮೊಳೆ ಕಿತ್ತು ಎಡಕ್ಕೆ ಹೊಡೆದುಬಿಡಬಹುದಿತ್ತು. ಆದರೆ ವಯಸ್ಸು ಬಾಯಿಬಿಟ್ಟು ಹೇಳಿರುವ ಮುದುಕ ಅವನೊಬ್ಬನೇ. ಅವನನ್ನು ಅಲ್ಲಾಡಿಸಿ, ನಾನು ಊಹಿಸಿದವರನ್ನು ಹಾಗೇ ಬಿಡೋದು ನ್ಯಾಯ ಅಲ್ಲ ಅನ್ನಿಸಿತು.

ಬಿಗಿ ಮಾಡಿದ್ದು

ಮುಂದಿನ ಭಾನುವಾರ ಎಲ್ಲ ಊಹೆಗಳನ್ನೂ ಎಷ್ಟು ಚಿಕ್ಕದು ಮಾಡಬಹುದೋ ಅಷ್ಟು ಮಾಡಿದೆ. ಯುದ್ಧದ ಗೆರೆಯಿಂದ ಹಿಂದಕ್ಕೆ ಹೊರಟೆ.

ದ್ರೌಪದಿ ಸ್ವಯಂವರ ಎಡ 31. ಅವತ್ತು ಧರ್ಮರಾಯನಿಗೆ 21. ಅದಕ್ಕೆ ಮೊದಲು ಗುರುದಕ್ಷಿಣೆ, ಯುವರಾಜ ಪಟ್ಟ, ಅರಗಿನ ಮನೆ, ಏಕಚಕ್ರ ಎಲ್ಲ ಮುಗಿದಿರಬೇಕು. ಅದಕ್ಕೆ ಮೂರು ವರ್ಷ ಬಿಟ್ಟೆ. (ಶಕುನಿ ಪಾತ್ರಧಾರಿಯ ಮಾವನ ಮನೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರದ ಪಕ್ಕ. ಕೈವಾರವೇ ಏಕಚಕ್ರ, ಬಕಾಸುರನ ಬೆಟ್ಟ ಇರೋದೂ ಅಲ್ಲೇ ಅಂತ ಅಲ್ಲಿನವರ ನಂಬಿಕೆ. ನಮ್ಮೂರನ್ನೂ ಬರೀರಿ ಅಂತ ಅವರು ಕೇಳಿಕೊಂಡರು. ಎಡ 32ರಲ್ಲಿ ಹಸಿರು ಬಣ್ಣದಲ್ಲಿ ಕೈವಾರ ಅಂತ ಬರೆದಿದ್ದೇನೆ.)

ಹಾಗಾಗಿ ಧರ್ಮರಾಯ ಎಡ 52. ಭೀಮ ಎಡ 51. ದುರ್ಯೋಧನ ಹುಟ್ಟಿದ್ದೂ ಭೀಮ ಹುಟ್ಟಿದ ದಿನವೇ, ಅವನದೂ 51. ಅರ್ಜುನ 50, ನಕುಲ ಸಹದೇವ 49. ಪಾಂಡುವಿಗೆ 20ಕ್ಕೇ ಮಗ ಹುಟ್ಟಿದ ಅಂತ ಇಟ್ಟರೆ ಅವನು ಎಡ 72, ಧೃತರಾಷ್ಟ್ರ 73. ವಿಚಿತ್ರವೀರ್ಯ ಮದುವೆಯಾಗಿ ಏಳು ವರ್ಷಕ್ಕೆ ಕ್ಷಯದಲ್ಲಿ ಸತ್ತ ಅಂತ ಸ್ಪಷ್ಟವಾಗಿದೆ. ಆಮೇಲೆ ಅವನ ಹೆಂಡತಿಯರಿಗೆ ಮಕ್ಕಳನ್ನು ಕೊಡೋಕೆ ವ್ಯಾಸರು ಬಂದದ್ದು. ಅದಕ್ಕೆಲ್ಲ ಸೇರಿಸಿ ಮದುವೆ ಎಡ 81. ಮದುವೆಗೆ ಹುಡುಗನಿಗೆ 16, ಅಂದರೆ ಎಡ 97. ಅವನ ಅಣ್ಣ ಚಿತ್ರಾಂಗದನಿಗೂ ಜಾಗ ಬಿಟ್ಟು ಸತ್ಯವತಿಯ ಮದುವೆ ಎಡ 100.

ಮಗ ಕೈಗೆ ಸಿಕ್ಕಿದ ಮೇಲೆ ಶಂತನು ಅವನ ಜೊತೆ ನಾಲ್ಕು ವರ್ಷ ಇದ್ದು, ಆಮೇಲೆ ಸತ್ಯವತಿಯನ್ನು ಕಂಡ. ಗಂಗೆ ಮಗನನ್ನು ಒಪ್ಪಿಸಿದಾಗ ಅವನಿಗೆ 16 ಅಂದರೆ, ಪ್ರತಿಜ್ಞೆ ಮಾಡುವಾಗ 20. ಭೀಷ್ಮ ಎಡ 120.

ಗಂಗೆಗೆ ಎಂಟು ಮಕ್ಕಳು, ಭೀಷ್ಮ ಎಂಟನೆಯವನು. ಅಂದರೆ ಅವನು ಹುಟ್ಟುವ ಹೊತ್ತಿಗೆ ಶಂತನುವಿಗೆ ಮೂವತ್ತಾದರೂ ಆಗಿರಬೇಕು. ಶಂತನು ಎಡ 150, ಬಾಹ್ಲೀಕ ಎಡ 152. ಎಲ್ಲರೂ ಹಲಗೆಯ ಒಳಗೆ ಬಂದರು.

ಈಗ ಕೃಪಿ. ವಿಚಿತ್ರವೀರ್ಯ ಒಂಬತ್ತು ವರ್ಷದವನಿದ್ದಾಗ ಶಂತನು ಸತ್ತ ಅಂತ ಎಡ 88ಕ್ಕೆ ಅವನ ಪಟ್ಟಿ ಕೊಯ್ದೆ. ಕೂಸುಗಳು ಸಿಕ್ಕಿದ್ದು ಎಡ 90. ದ್ರೋಣನಿಗಿಂತ ಕೃಪಿ ಐದು ವರ್ಷ ದೊಡ್ಡವಳು. ಎಡ 52ರಲ್ಲಿ ಅಶ್ವತ್ಥಾಮ ಹುಟ್ಟುವಾಗ ದ್ರೋಣನಿಗೆ 33, ಅವಳಿಗೆ 38. ಹಾಲಿಲ್ಲದೆ ಹಿಟ್ಟಿನ ನೀರು ಕುಡಿದು ಹಾಲು ಅಂತ ಕುಣಿದಾಡಿದ ಆ ಮಗು ತಡವಾಗಿ ಹುಟ್ಟಿದ ಒಬ್ಬನೇ ಮಗ. ಇದು ಕೂರುತ್ತದೆ. ಎಲ್ಲ ಕಡೆ ಬಿಗಿ ಮಾಡಿದರೆ ಮಾತ್ರ ಕೂರುತ್ತದೆ, ಒಂದು ಕಡೆ ಐದು ವರ್ಷ ಸಡಿಲ ಮಾಡಿದರೂ ಮತ್ತೆ ಬಿಚ್ಚಿಕೊಳ್ಳುತ್ತದೆ.

ಭೂರಿಶ್ರವನೂ ಸರಿಹೋದ. ದೇವಕಿಯ ಸ್ವಯಂವರದಲ್ಲಿ ಸೋಮದತ್ತನನ್ನು ಕೆಡವಿ ಅವಮಾನ ಮಾಡಿದವನು ಸಾತ್ಯಕಿಯ ತಾತ ಶಿನಿ. ಆ ಸೇಡಿಗೆ ಶಿವನಲ್ಲಿ ವರ ಬೇಡಿ ಪಡೆದ ಮಗ ಭೂರಿಶ್ರವ. ಕೃಷ್ಣ ದೇವಕಿಯ ಎಂಟನೇ ಮಗ, ಅರ್ಜುನನ ಓರಗೆ. ಹಾಗಾಗಿ ಆ ಸ್ವಯಂವರ ಎಡ 60ರ ಆಸುಪಾಸು, ಭೂರಿಶ್ರವ ಎಡ 59. ಪಾಂಡುವಿನ ತಲೆಮಾರು, ಧರ್ಮರಾಯನ ವಯಸ್ಸು. ಮೆಟ್ಟಿಲಿನ ವಂಶವೃಕ್ಷದಲ್ಲಿ ಇದು ಎಂದೂ ಕಾಣುತ್ತಿರಲಿಲ್ಲ.

ಬಾಹ್ಲೀಕ ಮಾತ್ರ ಬಗ್ಗಲಿಲ್ಲ. 152 ವರ್ಷದವನು ಹದಿನಾಲ್ಕನೇ ದಿನದ ರಾತ್ರಿ ಯುದ್ಧದಲ್ಲಿ ಭೀಮನ ಗದೆಗೆ ಸಿಕ್ಕಿ ಸಾಯುತ್ತಾನೆ. ಬಾಹ್ಲೀಕ ಅನ್ನೋದು ಒಂದು ದೇಶದ ಹೆಸರೂ ಹೌದು. ಆ ದೇಶದ ದೊರೆಗಳಿಗೆಲ್ಲ ಅದೇ ಹೆಸರು ನಡೆದು, ಇಬ್ಬರು ಒಬ್ಬರಾಗಿರಬಹುದು ಅಂತ ನನಗೆ ಅನ್ನಿಸುತ್ತದೆ. ಆದರೆ ಪಟ್ಟಿಯನ್ನು ಎರಡು ತುಂಡು ಮಾಡೋಕೆ ಕೈ ಬರಲಿಲ್ಲ. 152 ಸೆಂ.ಮೀ. ಹಾಗೇ ಇದೆ.

ಒಂದು ಗೇಣು

ಇಡೀ ಹಲಗೆಯಲ್ಲಿ ಅತ್ಯಂತ ಇಕ್ಕಟ್ಟಾದ ಜಾಗ ಎಡ 17ರಿಂದ ಎಡ 13ರವರೆಗಿನ ನಾಲ್ಕು ಸೆಂ.ಮೀ. ಅಲ್ಲಿ ಎರಡು ದಿನ ಕೂತಿದ್ದೇನೆ.

ಅಭಿಮನ್ಯುವಿಗೆ 16. ಅದರಲ್ಲಿ ವನವಾಸ, ಅಜ್ಞಾತವಾಸ 13. ಉಳಿದದ್ದು ಮೂರೇ ವರ್ಷ. ಅವನು ಹುಟ್ಟಬೇಕಾದರೆ ಅರ್ಜುನ ತೀರ್ಥಯಾತ್ರೆ ಮುಗಿಸಿ ಸುಭದ್ರೆಯನ್ನು ಕರೆದುಕೊಂಡು ಬಂದಿರಬೇಕು. ಆ ಯಾತ್ರೆ ಹನ್ನೆರಡು ವರ್ಷ. ಎಡ 29ಕ್ಕೆ ಹೊರಟವನು ಎಡ 17ಕ್ಕೆ ಬಂದ. ಇರಾವಂತ, ಬಭ್ರುವಾಹನ ಹುಟ್ಟಿದ್ದು ಈ ನಡುವೆ. ದ್ರೌಪದಿಯ ಐದು ಮಕ್ಕಳು ಒಂದೊಂದು ವರ್ಷದ ಅಂತರದಲ್ಲಿ ಹುಟ್ಟಿದವರು. ಅದರಲ್ಲಿ ಅರ್ಜುನನ ಮಗ ಶ್ರುತಕರ್ಮ ಹುಟ್ಟಿದ್ದು ಅಪ್ಪ ವಾಪಸ್ ಬಂದಮೇಲೆ. ಹಾಗಾಗಿ ಪ್ರತಿವಿಂಧ್ಯ ಎಡ 18, ಸುತಸೋಮ 17, ಶ್ರುತಕರ್ಮ 16, ಶತಾನೀಕ 15, ಶ್ರುತಸೇನ 14. ಅದಾಗಿ ಒಂದೇ ವರ್ಷಕ್ಕೆ ಪಗಡೆಯಾಟ. ಈ ನಾಲ್ಕು ಸೆಂ.ಮೀ. ಒಳಗೇ ಖಾಂಡವ ವನ ಸುಡಬೇಕು, ಮಯ ಹದಿನಾಲ್ಕು ತಿಂಗಳು ಸಭೆ ಕಟ್ಟಬೇಕು, ಜರಾಸಂಧ ಸಾಯಬೇಕು, ನಾಲ್ಕು ಜನ ತಮ್ಮಂದಿರು ನಾಲ್ಕು ದಿಕ್ಕು ಗೆದ್ದು ಬರಬೇಕು, ರಾಜಸೂಯ ಆಗಬೇಕು.

ಆಗುತ್ತದೆ. ಒಂದು ತಿಂಗಳೂ ಉಳಿಯೋದಿಲ್ಲ ಅನ್ನುವಷ್ಟು ಇಕ್ಕಟ್ಟು, ಆದರೂ ಆಗುತ್ತದೆ. ಇಲ್ಲಿ ನಾನು ಏನನ್ನೂ ತಿದ್ದಬೇಕಾಗಲಿಲ್ಲ.

ಅಭಿಮನ್ಯುವಿನ ಪಟ್ಟಿ ಕೊಯ್ದಾಗ 16 ಸೆಂ.ಮೀ. ಬೀಡಿಂಗ್ ತುಂಡು ಅಂಗೈಯಲ್ಲಿ ಬಿತ್ತು. ನನ್ನ ಒಂದು ಗೇಣೂ ಇಲ್ಲ. ಶ್ರುತಸೇನನದ್ದು 14. ಪಕ್ಕದಲ್ಲಿ ಭೀಷ್ಮನದ್ದು 120, ನೆಲಕ್ಕೆ ಊರಿ ನಿಲ್ಲಿಸಿದರೆ ನನ್ನ ಎದೆಗೆ ಬರುತ್ತದೆ. ನಾಟಕದಲ್ಲಿ ಅಭಿಮನ್ಯುವಿಗೆ ನೂರಾರು ಸಲ ಬಣ್ಣ ಹಚ್ಚಿದ್ದೇನೆ, ಬಹಳ ಸಲ ಮೂವತ್ತು ದಾಟಿದವರಿಗೆ. ಆ ತುಂಡು ಕೈಯಲ್ಲಿ ಇಟ್ಟುಕೊಂಡಾಗ ಆದ ಸಂಕಟ ಆ ಯಾವ ರಾತ್ರಿಯೂ ಆಗಿರಲಿಲ್ಲ.

ಬೆಂಕಿಯಲ್ಲಿ ಹುಟ್ಟಿದವರು, ಆಮೇಲೆ ಪರೀಕ್ಷಿತ

ದ್ರೌಪದಿ, ಧೃಷ್ಟದ್ಯುಮ್ನರಿಗೆ ಈ ಅಳತೆ ನಡೆಯೋದಿಲ್ಲ. ದ್ರುಪದನನ್ನು ಕಟ್ಟಿ ತಂದು ಗುರುದಕ್ಷಿಣೆ ಕೊಟ್ಟದ್ದು ಎಡ 34. ಆ ಅವಮಾನಕ್ಕೆ ಯಜ್ಞ ಮಾಡಿ ಪಡೆದ ಮಕ್ಕಳು ಇವರು. ಎಡ 31ಕ್ಕೆ ಸ್ವಯಂವರ. ಹಾಗಾಗಿ ಬೆಂಕಿಯಿಂದ ಬರುವಾಗಲೇ ಬೆಳೆದವರಾಗಿ ಬಂದರು. ಇಬ್ಬರ ಪಟ್ಟಿಯ ಎಡ ತುದಿಗೂ ಕೆಂಪು ರೇಷ್ಮೆ ಚೂರು ಸುತ್ತಿದ್ದೇನೆ. ವಯಸ್ಸು ಕೇಳಿದರೆ ಆ ಬಟ್ಟೆ ತೋರಿಸುತ್ತೇನೆ.

ಪರೀಕ್ಷಿತನ ತೊಂದರೆ ಹಲಗೆಯ ಬಲಗಡೆ. ಅವನು ಅರುವತ್ತು ವರ್ಷ ಆಳುತ್ತಾನೆ ಅಂತ ಕೃಷ್ಣ ಅಶ್ವತ್ಥಾಮನ ಮುಂದೆ ಹೇಳುತ್ತಾನೆ. ಧರ್ಮರಾಯ ಬಿಟ್ಟುಕೊಟ್ಟದ್ದು ಬಲ 36. ಅದಕ್ಕೆ 60 ಸೇರಿಸಿದರೆ ಬಲ 96. ಹಲಗೆಯಿಂದ 17 ಸೆಂ.ಮೀ. ಆಚೆ. ಆದರೆ ಬೇಟೆಯಲ್ಲಿ ದಣಿದು ಮುನಿಯ ಕೊರಳಿಗೆ ಹಾವು ಹಾಕುವ ಜಾಗದಲ್ಲಿ ಅವನನ್ನೇ ಅರುವತ್ತು ವರ್ಷದ, ಮುಪ್ಪು ಬಂದ ದೊರೆ ಅಂತ ಹೇಳಿದೆ. ಅರುವತ್ತು ಆಳಿದ ವರ್ಷವೋ, ಬದುಕಿದ ವರ್ಷವೋ? ಅವನು ಸತ್ತಾಗ ಜನಮೇಜಯ ಇನ್ನೂ ಹುಡುಗ, ಹುಡುಗನಿಗೇ ಪಟ್ಟ ಕಟ್ಟಿದರು. 96 ವರ್ಷದವನಿಗೆ ಅಷ್ಟು ಚಿಕ್ಕ ಮಗ ಅನ್ನೋದಕ್ಕಿಂತ 60 ವರ್ಷದವನಿಗೆ ಅನ್ನೋದು ಹತ್ತಿರ. ಬಲ 60ಕ್ಕೆ ಕೊಯ್ದೆ. ಆಳಿದ್ದು 24 ವರ್ಷ ಆಗುತ್ತದೆ. ಇದು ನನ್ನ ತೀರ್ಮಾನ ಅಂತ ಗೊತ್ತಾಗಲಿ ಅಂತ ಕೊಯ್ದ ತುದಿಗೆ ನೀಲಿ ಹಚ್ಚಿದ್ದೇನೆ.

ಬಣ್ಣದ ಕೋಣೆಯಲ್ಲಿ

ಹಲಗೆಯನ್ನು ಊರಿಗೆ ಒಯ್ದು ಶಾಲೆಯ ಗೋಡೆಗೆ ಒರಗಿಸಿದೆವು. ಪಾತ್ರಧಾರಿಗಳು ತಮ್ಮ ತಮ್ಮ ಪಟ್ಟಿ ಹುಡುಕಿಕೊಂಡು ಬಂದರು. ಯಾರೋ ಓದೋಕೆ ತೆಗೆದು ಸತ್ಯವತಿಯ ಮಗ ಚಿತ್ರಾಂಗದನನ್ನು ಅರ್ಜುನನ ಹೆಂಡತಿ ಚಿತ್ರಾಂಗದೆಯ ಹಳಿಗೆ ಇಟ್ಟುಬಿಟ್ಟಿದ್ದರು. ಅವನನ್ನು ಕೊಂದ ಗಂಧರ್ವನ ಹೆಸರೂ ಚಿತ್ರಾಂಗದ. ಈಗ ಹೆಸರಿನ ಮುಂದೆ ಅಪ್ಪನ ಹೆಸರೂ ಬರೆದಿದ್ದೇನೆ.

ದ್ರೋಣನಿಗೆ ಉತ್ತರ ಸಿಕ್ಕಿತು. ಭೀಷ್ಮ 35 ವರ್ಷ ದೊಡ್ಡವನು. ಭೀಷ್ಮನಿಗೆ ಹೊಟ್ಟೆಯವರೆಗೆ ಇಳಿಯುವ ಗಡ್ಡ, ಹುಬ್ಬೂ ಬಿಳಿ. ದ್ರೋಣನಿಗೆ ಕಿವಿಯ ಮಟ್ಟದ ಬಿಳಿ ಟೋಪನ್, ಎದೆಯ ಮೇಲೇ ನಿಲ್ಲುವ ಗಡ್ಡ. ಕೃಪನಿಗೆ ಇಷ್ಟು ವರ್ಷ ಕಪ್ಪು ಗಡ್ಡ ಕಟ್ಟುತ್ತಿದ್ದೆ. 90 ವರ್ಷದವನಿಗೆ! ಆ ಗಡ್ಡವನ್ನು ಭೂರಿಶ್ರವನಿಗೆ ಕೊಟ್ಟು, ಅದಕ್ಕೆ ಜಿಂಕ್ ಪುಡಿಯಲ್ಲಿ ನಾಲ್ಕು ಎಳೆ ನರೆ ಹಾಕಿದೆ.

ದುರ್ಯೋಧನ ಮಾಡುವವರು ಸುಲಭಕ್ಕೆ ಒಪ್ಪಲಿಲ್ಲ.

"ಅಣ್ಣಾ, ನಂಗೆ ನರೆ ಹಾಕಿದ್ರೆ ನಾನು ಸ್ಟೇಜಿಗೆ ಬರಲ್ಲ."

ನಾನು ಎರಡು ಪಟ್ಟಿ ತೆಗೆದು ಒಂದರ ಮೇಲೊಂದು ಇಟ್ಟು ತೋರಿಸಿದೆ. ಎಡ ತುದಿ ಎರಡೂ ಒಂದೇ ಕಡೆ, ಎಡ 51. ಒಂದೇ ದಿನ ಹುಟ್ಟಿದವರು. ಅವರು ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು.

"ಸರಿ, ಭೀಮಂಗೆ ಎಷ್ಟು ಎಳೆ ಹಾಕ್ತೀರೋ ನಂಗೂ ಅಷ್ಟೇ ಹಾಕಿ. ಒಂದೆಳೆ ಜಾಸ್ತಿ ಬೇಡ."

ಇಬ್ಬರಿಗೂ ಕಿವಿಯ ಹತ್ತಿರ ಮೂರು ಮೂರು ಎಳೆ. ಮೀಸೆ ಕಪ್ಪು.

ಈ ಸಲ ಅಭಿಮನ್ಯು ಹತ್ತನೇ ತರಗತಿಯ ಹುಡುಗ. ನಾನು ಕೇಳಿಕೊಂಡಿದ್ದಕ್ಕೆ ಮೇಷ್ಟ್ರು ಒಪ್ಪಿದರು. ಅವನು ತನ್ನ ಪಟ್ಟಿ ತೆಗೆದುಕೊಂಡು ಭೀಷ್ಮನ ಪಟ್ಟಿಯ ಪಕ್ಕ ಹಿಡಿದು, ಎಷ್ಟು ಸಲ ಹೋಗುತ್ತದೆ ಅಂತ ಬೆರಳಿಟ್ಟು ಅಳೆಯುತ್ತಾ ಹೋದ. ಏಳು ಸಲ ಹೋಗಿ ಎಂಟು ಸೆಂ.ಮೀ. ಉಳಿಯಿತು.

ಇನ್ನು ದೇವಾಪಿಯೊಬ್ಬ ಬಾಕಿ. ಪ್ರತೀಪನ ದೊಡ್ಡ ಮಗ. ಚರ್ಮದ ರೋಗ ಅಂತ ಸಿಂಹಾಸನ ಸಿಗದೆ ಕಾಡಿಗೆ ಹೋದವನು. ಕಲಾಪ ಅನ್ನುವ ಊರಿನಲ್ಲಿ ಇನ್ನೂ ಇದ್ದಾನೆ, ಕಲಿಯುಗ ಮುಗಿದ ಮೇಲೆ ಬಂದು ವಂಶವನ್ನು ಮತ್ತೆ ಶುರು ಮಾಡುತ್ತಾನೆ ಅಂತ ಪುರಾಣಗಳು ಹೇಳುತ್ತವೆ. ಅವನ ಪಟ್ಟಿಯ ಎಡ ತುದಿಗೆ ಹೆಸರು ಬರೆದಿದ್ದೇನೆ. ಬಲ ತುದಿ ಕೊಯ್ದಿಲ್ಲ. ಎಂಟು ಅಡಿಯ ಬೀಡಿಂಗ್ ಇಡಿಯಾಗಿ ಹಲಗೆಯ ಹಿಂದೆ, ಗೋಡೆಗೆ ಒರಗಿ ನಿಂತಿದೆ.